ಗಾಳಿ ಬಂದರೆ ನೀಲಿ

ಶಹಾಪುರದ ಓಣಿಗಳಲ್ಲಿ ಮಗ್ಗದ ಸದ್ದು ನಿಂತರೆ ಮಂದಿ ಕರೆಂಟು ಹೋಯಿತೆಂದು ತಲೆ ಎತ್ತಿ ನೋಡುತ್ತಾರೆ. ನಡೆಯುತ್ತಿರುವಷ್ಟು ಹೊತ್ತು ಅದು ಯಾರ ಕಿವಿಗೂ ಬೀಳುವುದಿಲ್ಲ. ರಾಮಲಿಂಗನ ಕಿವಿಗೂ ಎಷ್ಟೋ ವರ್ಷ ಬಿದ್ದಿರಲಿಲ್ಲ. ಹೆಂಡತಿ ತ್ರಿವೇಣಿ ಕಾಮಾಲೆಯಾಗಿ ತೀರಿಕೊಂಡು, ಮಗಳು ಮನಿಷಾ ಖಾನಾಪುರಕ್ಕೆ ಅಜ್ಜಿಯ ಹತ್ತಿರ ಹೋದ ಮೇಲೆ ಕೇಳಿಸತೊಡಗಿತು. ಒಮ್ಮೆ ಕಿವಿ ಹೊಕ್ಕ ಸದ್ದನ್ನು ಮತ್ತೆ ಹೊರಗೆ ಹಾಕುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ.

ಮನಿಷಾಗೆ ಹುಟ್ಟಿದಾಗಿನಿಂದ ಉಬ್ಬಸ. ಆಗ ಅವರಿದ್ದದ್ದು ಮಗ್ಗದ ಶೆಡ್ಡಿನ ಹಿಂದಿನ ಖೋಲಿಯಲ್ಲಿ. ಹತ್ತಿಯ ನವಿರು ಹಾಸಿಗೆಯ ಮೇಲೆ, ಅನ್ನದ ಮೇಲೆ, ಕೂಸಿನ ರೆಪ್ಪೆಯ ಮೇಲೆ ಬಂದು ಕೂರುತ್ತಿತ್ತು. ತಾಯಿ ಇರುವ ತನಕ ಹೇಗೋ ನಡೆಯಿತು. ತ್ರಿವೇಣಿಯ ದಿನಕರ್ಮದ ಊಟ ಮುಗಿದ ಸಂಜೆಯೇ ಸತ್ಯವ್ವ ಮೊಮ್ಮಗಳ ಬಟ್ಟೆಗಳನ್ನು ಗಂಟು ಕಟ್ಟಿದಳು. ಸತ್ಯವ್ವ ರಾಮಲಿಂಗನಿಗೆ ಬರೀ ಹೆಂಡತಿಯ ತಾಯಿಯಲ್ಲ, ತಂದೆಯ ಒಡಹುಟ್ಟಿದವಳು, ಎತ್ತಿ ಆಡಿಸಿದ ಸೋದರತ್ತೆ. ಆಕೆಗೆ ಎದುರು ಮಾತಾಡಿ ಅವನಿಗೆ ರೂಢಿಯಿರಲಿಲ್ಲ.

"ಈ ಹವಾದಾಗ ಹುಡುಗಿ ಬದಕಂಗಿಲ್ಲ," ಎಂದಿದ್ದಳು ಆಕೆ, ಗಂಟಿನ ತುದಿಯನ್ನು ಹಲ್ಲಿನಿಂದ ಬಿಗಿಯುತ್ತ. "ಹವಾ ಚಲೋ ಇರೂ ಕಡೆ ಮನಿ ಮಾಡು. ಆಮ್ಯಾಲ ಬಂದು ಕರಕೊಂಡು ಹೋಗು. ನಾ ಬ್ಯಾಡ ಅನ್ನಂಗಿಲ್ಲ."

ಅವನು ಮನೆ ಬದಲಿಸಿದ. ಓಣಿಯ ಕೊನೆಗೆ, ಮಗ್ಗಗಳಿಂದ ಒಂದಿಷ್ಟು ದೂರ, ಮಾಳಿಗೆಯ ಮೇಲಿನ ಖೋಲಿ. ಸುಣ್ಣ ಬಳಿಸಿದ. ಮಗಳ ಸಾಲಿಚೀಲ ತೂಗುಹಾಕಲೆಂದು ಬಾಗಿಲ ಬಾಜು ಅವಳ ಕೈಗೆ ಎಟಕುವಷ್ಟು ಎತ್ತರಕ್ಕೆ ಒಂದು ಮೊಳೆ ಹೊಡೆದ. ಜೂನಿನಲ್ಲಿ ಸಾಲಿ ಶುರುವಾಗುವ ಹೊತ್ತಿಗೆ ಅವಳು ಇಲ್ಲಿರಬೇಕು, ಅಷ್ಟೇ ಅವನಿಗೆ ಬೇಕಾಗಿದ್ದದ್ದು. ಸತ್ಯವ್ವ ಬಂದು ನೋಡಿ, ಕಿಟಕಿಯಿಂದ ಮೂಗು ಹೊರಗೆ ಚಾಚಿ, "ಶಹಾಪುರ ಅಂದ್ರ ಶಹಾಪುರನ," ಎಂದು ಹೇಳಿ ಚಹಾ ಕುಡಿದು ಬಸ್ಸು ಹತ್ತಿದಳು. ಆ ಮೊಳೆಗೆ ಈಗ ಅವನ ಟವೆಲ್ಲು ನೇತಾಡುತ್ತದೆ. ತೆಗೆದುಕೊಳ್ಳಲು ಬಗ್ಗಬೇಕು.

ರಾಮಲಿಂಗ ಕೆಲಸ ಮಾಡುವುದು ಮಧುಕರನ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯಲ್ಲಿ. ಲಗ್ನಪತ್ರಿಕೆ, ಸೀರೆ ಡಬ್ಬಿಯ ಮೇಲಿನ ನವಿಲು, ಕ್ರಿಕೆಟ್ ಟೀಮಿನ ಬನಿಯನ್ನು, ಎಲ್ಲಾ ಅವನ ಕೈಯಿಂದಲೇ ಆಗಿ ಹೋಗಿದ್ದವು. ಹೋದ ದೀಪಾವಳಿಯ ನಂತರ ಇಂಜಿನಿಯರಿಂಗ್ ಕಾಲೇಜಿನ ಸುಮನ್ ಮೇಡಂ ಬೇರೆಯದೇ ಕೆಲಸ ತಂದರು. ಹಾಲಿನ ಕೆನೆಯಂತೆ ತೆಳ್ಳಗಿನ ಪ್ಲಾಸ್ಟಿಕ್ ಹಾಳೆಯ ಮೇಲೆ ಬೆಳ್ಳಿಯ ಇಂಕಿನಿಂದ ಗೆರೆ ಎಳೆಯಬೇಕು. ಅದರೊಳಗೆ ಕರೆಂಟು ಹರಿಯುತ್ತದೆ. ಅದರ ಮೇಲೆ ಮೇಡಂ ತಮ್ಮ ಲ್ಯಾಬಿನಲ್ಲಿ ಹೊಗೆ, ಧೂಳು ತಾಗಿದರೆ ಗುರುತು ಹಿಡಿಯುವ ಇನ್ನೊಂದು ಪದರ ಹಚ್ಚುತ್ತಾರೆ. ಕಾಗದದಷ್ಟೇ ದಪ್ಪದ ಬ್ಯಾಟರಿ, ಅದೂ ಪ್ರಿಂಟು ಮಾಡಿದ್ದೇ. ಮೂಲೆಯಲ್ಲಿ ಒಂದು ಚುಕ್ಕಿ. ಹವಾ ಕೆಟ್ಟರೆ ಚುಕ್ಕಿ ನೀಲಿಯಾಗುತ್ತದೆ, ತಿಳಿಯಾದರೆ ಮತ್ತೆ ಬಣ್ಣ ಕಳೆದುಕೊಳ್ಳುತ್ತದೆ. ಫೋನು ತಾಗಿಸಿದರೆ ಹಿಂದಿನ ದಿನಗಳ ಏರಿಳಿತವೆಲ್ಲ ಒಂದು ಗೆರೆಯಾಗಿ ಮೂಡುತ್ತದೆ. ಬೆರಳಿಗೆ ಸುತ್ತಿದರೂ ಮುರಿಯದ ಆ ಪಟ್ಟಿಯನ್ನು ಅಂಗಿಗೆ ಚುಚ್ಚಿಕೊಂಡು ಮಂದಿ ತಮ್ಮ ತಮ್ಮ ಉಸಿರಿನ ಸುದ್ದಿ ತಾವೇ ತಿಳಿಯಲಿ ಎಂಬುದು ಮೇಡಂ ಆಸೆ.

ಬೆಳ್ಳಿ ಇಂಕು ಭಾರ. ಜಾಲರಿಯ ಮೇಲೆ ರಬ್ಬರು ಹಿಡಿದು ಒಂದೇ ಎಳೆತಕ್ಕೆ ಎಳೆಯಬೇಕು, ಕೈ ನಡುವೆ ನಿಂತರೆ ಗೆರೆ ಕಡಿಯುತ್ತದೆ. ರಾಮಲಿಂಗ ಎಳೆಯುವಾಗ ಉಸಿರು ಬಿಗಿಹಿಡಿಯುತ್ತಿದ್ದ.

"ಏನಲೇ, ಪತ್ತಾರ ಆಗಿಬಿಟ್ಟಿ ನೀ," ಎಂದು ಮಧುಕರ ಕಾಲೆಳೆದ. "ಬೆಳ್ಳಿ ಬಿಟ್ಟು ಮಾತ ಇಲ್ಲ. ಉಸಿರರ ಬಿಡು ಮಾರಾಯಾ, ಇಲ್ಲಾಂದ್ರ ನಿನ್ನ ಎದಿಗೇ ಒಂದು ಪಟ್ಟಿ ಅಂಟಿಸಬೇಕಾಕ್ಕೈತಿ."

"ಅಂಟಿಸು. ಅದರಾಗ ನಿನ್ನ ಬೀಡಿ ಹೊಗಿನ ಬರ್ತೈತಿ."

ಮಧುಕರ ನಕ್ಕು ಬೀಡಿ ಹಿಡಿದುಕೊಂಡು ಹೊರಗೆ ಹೋದ. ರಾಮಲಿಂಗ ನಗಲಿಲ್ಲ. ಅವನ ತಲೆಯಲ್ಲಿ ಒಂದು ವಿಚಾರ ಆಗಲೇ ಕೂತು ಬಿಟ್ಟಿತ್ತು. ತನ್ನ ಖೋಲಿಯ ಹವಾ ಚೆನ್ನಾಗಿದೆ ಎಂದು ಬಾಯಿಂದ ಹೇಳಿದರೆ ಅತ್ತೆ ನಂಬುವುದಿಲ್ಲ. ಪಟ್ಟಿ ಹೇಳಿದರೆ?

ಮನೆಗಳಲ್ಲಿ ಇಟ್ಟು ನೋಡಲು ಮೇಡಮ್ಮಿಗೂ ಮಂದಿ ಬೇಕಾಗಿದ್ದರು. ಎರಡು ಪಟ್ಟಿ ಕೊಟ್ಟರು. ಒಂದನ್ನು ಅವನು ತನ್ನ ಗೋಡೆಗೆ ಅಂಟಿಸಿದ. ಇನ್ನೊಂದನ್ನು ಶಿವರಾತ್ರಿ ಮುಗಿದ ಭಾನುವಾರ ಖಾನಾಪುರಕ್ಕೆ ಒಯ್ದ.

ಸತ್ಯವ್ವನ ಮನೆ ಊರಿನ ಅಂಚಿನಲ್ಲಿ, ಮಲಪ್ರಭಾ ನದಿಗೆ ಇಳಿಯುವ ದಾರಿಯಲ್ಲಿ. ಮಗ ಕರೆಪ್ಪ ಕುರಿ ಹೊಡೆದುಕೊಂಡು ಹೋದರೆ ತಿಂಗಳುಗಟ್ಟಲೆ ಈ ಕಡೆ ತಲೆ ಹಾಕುವುದಿಲ್ಲ. ಹಾಗಾಗಿ ಮನೆಯಲ್ಲಿ ಅಜ್ಜಿ ಮೊಮ್ಮಗಳು ಇಬ್ಬರೇ. ಮನಿಷಾ ಓಡಿ ಬಂದು ತಂದೆಯ ಕಿಸೆಯಲ್ಲಿ ಕೈ ಹಾಕಿ ಶೇಂಗಾ ಚಿಕ್ಕಿ ಹುಡುಕಿ ತೆಗೆದಳು. ರಾಮಲಿಂಗ ಪಟ್ಟಿ ಬಿಚ್ಚಿ ತೋರಿಸಿದ. ಅದರ ಜೊತೆ ಮೇಡಂ ಕೊಟ್ಟಿದ್ದ ಚೀಟಿಯಲ್ಲಿ ಶುದ್ಧ ಕನ್ನಡದಲ್ಲಿ ಅಚ್ಚಾಗಿದ್ದುದು ಅವನಿಗೆ ಬಾಯಿಪಾಠವಾಗಿತ್ತು. ಕಾಲೇಜಿನ ವಸ್ತು, ಕಾಲೇಜಿನ ಮಾತಿನಲ್ಲೇ ಹೇಳಿದರೆ ತೂಕ ಬರುತ್ತದೆ ಎಂದು ಅವನಿಗೆ ಅನ್ನಿಸಿತು.

"ಕೆಟ್ಟ ಗಾಳಿ ಬಂತಂದ್ರ ಈ ಚುಕ್ಕಿ ನೀಲಿ ಆಕ್ಕೈತಿ ಅತ್ತಿ," ಎಂದ.

ಸತ್ಯವ್ವನ ಕೈ ಅಕ್ಕಿಯ ಮೊರದ ಮೇಲೆ ನಿಂತಿತು. "ಗಾಳಿ?"

"ಹ್ಞೂಂ."

"ಕಣ್ಣಿಗೆ ಕಾಣಲಾರದ್ದು?"

"ಕಾಣಲಾರದ್ದ. ಅದಕ್ಕಂತನ ಮಾಡ್ಯಾರ ಇದನ್ನ."

"ಕಾಲೇಜಿನ್ಯಾವರು ಮಾಡ್ಯಾರ?"

"ಮೇಡಂ ಮಾಡ್ಯಾರ. ಬೆಳ್ಳಿ ಗೆರಿ ನಾ ಎಳದೀನಿ."

ಆಕೆ ಮತ್ತೇನೂ ಕೇಳಲಿಲ್ಲ. ಕೈಯನ್ನು ಸೆರಗಿಗೆ ಒರೆಸಿಕೊಂಡು, ಪಟ್ಟಿಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, ಮೊಮ್ಮಗಳ ಕೊರಳಿನ ತಾಯಿತದ ಬಾಜು ಪಿನ್ನು ಹಾಕಿ ಚುಚ್ಚಿದಳು. ಇಷ್ಟು ಸರಳವಾಗಿ ಒಪ್ಪಿಕೊಂಡಳಲ್ಲ ಎಂದು ರಾಮಲಿಂಗನಿಗೆ ಖುಷಿಯಾಯಿತು. ಹವಾ ಎನ್ನುವ ಕಡೆ ತಾನು ಗಾಳಿ ಎಂದದ್ದು, ಆ ಮನೆಯಲ್ಲಿ ಗಾಳಿ ಅಂದರೆ ಹೊತ್ತಲ್ಲದ ಹೊತ್ತಿನಲ್ಲಿ ಮೈಗೆ ಬಡಿಯುವಂಥದ್ದು ಎಂಬುದು, ಅವನಿಗೆ ಹೊಳೆಯಲೇ ಇಲ್ಲ. ಹೊಳೆಯಬೇಕಾಗಿತ್ತು. ಅವನೂ ಅದೇ ಅತ್ತೆಯ ಮಡಿಲಲ್ಲಿ ಬೆಳೆದವನು.

ಮುಂದಿನ ದಿನಗಳಲ್ಲಿ ಅವನು ಕೆಲಸದಿಂದ ಬಂದವನೇ ಗೋಡೆ ನೋಡುತ್ತಿದ್ದ. ಚುಕ್ಕಿ ನೀಲಿಯಾಗಿರುತ್ತಿರಲಿಲ್ಲ. ಅನ್ನಕ್ಕಿಟ್ಟು ನೋಡುತ್ತಿದ್ದ. ಆಗಿರುತ್ತಿರಲಿಲ್ಲ. ಒಮ್ಮೊಮ್ಮೆ ಅದರ ಹತ್ತಿರ ಮುಖ ಒಯ್ದು, ಯಾರನ್ನೋ ಶಹಬ್ಬಾಸ್ ಎನ್ನುವಂತೆ ಬೆರಳಿನಿಂದ ತಟ್ಟುತ್ತಿದ್ದ. ಸಂಜೆ ಮನಿಷಾ ಅಜ್ಜಿಯ ಫೋನಿನಿಂದ ಮಾತಾಡುತ್ತಿದ್ದಳು. ಈಚೆಗೆ ಅವಳ ಮಾತು ಚುಟುಕಾಗಿತ್ತು. "ಅಜ್ಜಿ ಕರೀಲಿಕತ್ತಾಳ, ಹೊತ್ತಾತು," ಎಂದು ಇಟ್ಟುಬಿಡುತ್ತಿದ್ದಳು. ಯಾತರ ಹೊತ್ತು ಎಂದು ಕೇಳಿದರೆ, "ನಿಂಗ ಹೇಳಬಾರದಂತ," ಎನ್ನುತ್ತಿದ್ದಳು.

ಎರಡು ವಾರ ಬಿಟ್ಟು ಹೋದಾಗ ಮಗಳ ಪಟ್ಟಿಗೆ ಫೋನು ತಾಗಿಸಿ ತಂದ. ಮರುದಿನ ಮಧ್ಯಾಹ್ನ ಸುಮನ್ ಮೇಡಂ ಅಂಗಡಿಗೆ ಬಂದಾಗ ಎರಡೂ ಗೆರೆ ತೋರಿಸಿದ. ಅವರು ಕನ್ನಡಕ ಹಣೆಗೇರಿಸಿ ನೋಡಿದರು.

"ಅಯ್ಯ, ಇದೇನು? ನಿಮ್ಮ ಮಗಳ ಪಟ್ಟ್ಯಾಗ ದಿನಾ ಸಂಜೀಕೆ ಇಷ್ಟೆತ್ತರ ಹೊಗಿ ಅದ. ಕಟಗಿ ಒಲಿ ಹಚ್ತಾರೇನು?"

"ಬಚ್ಚಲ ನೀರಿಗೆ ಅಷ್ಟ ರೀ. ಅದೂ ಮುಂಜಾನೆ. ಅಡಿಗಿ ಗ್ಯಾಸಿನ ಮ್ಯಾಲ."

"ಬಾಜೂಕ ಯಾರರ ಕಸಾ ಸುಡ್ತಾರೇನು? ಏನ ಇರಲಿ, ಉಬ್ಬಸ ಇದ್ದ ಹುಡುಗಿಗೆ ಇದು ಬರೋಬರಿ ಅಲ್ಲ. ಲಗೂನ ನೋಡ್ರಿ." ಆಮೇಲೆ ಅವನ ಖೋಲಿಯ ಗೆರೆಯ ಮೇಲೆ ಬೆರಳಿಟ್ಟರು. "ನಿಮ್ಮದು ನೀಲಿ ಆಗೂ ಅಷ್ಟು ಎಂದೂ ಏರಿಲ್ಲ. ಆದ್ರ ಒಮ್ಮೆಯೂ ನೆಲಾನೂ ಮುಟ್ಟಿಲ್ಲ ನೋಡ್ರಿ. ನವಿರಿನ ಧೂಳು, ಸಣ್ಣಂಗ, ಹಗಲೂ ರಾತ್ರಿ. ಮಗಳದು ಹಂಗಲ್ಲ. ಮೊದಲನೇ ದಿನದ್ದೊಂದು ಸಣ್ಣ ಉಬ್ಬು, ಆಮ್ಯಾಲಿನ ಸಂಜಿ ಗುಡ್ಡ ಬಿಟ್ರ ಉಳದದ್ದೆಲ್ಲಾ ನೆಲಕ್ಕ ಅದ."

ಹೊಗೆಯ ಮಾತನ್ನು ರಾಮಲಿಂಗ ಕೇಳಿಸಿಕೊಂಡ. ಧೂಳಿನದನ್ನು ಕೇಳಿಸಿಕೊಂಡೂ ಬದಿಗಿಟ್ಟ. ಗುಡ್ಡವೊಂದೇ ಅವನ ಕಣ್ಣಲ್ಲಿ ನಿಂತಿತು. ಗೆದ್ದೆ ಎನ್ನಿಸಿತು. ಹಾಗನ್ನಿಸಿದ ಕೂಡಲೇ, ಆ ಹೊಗೆ ಹೋಗುತ್ತಿರುವುದು ಮಗಳ ಎದೆಯೊಳಗೆ ಎಂಬುದು ನೆನಪಾಗಿ ನಾಚಿಕೆಯಾಯಿತು. ನಾಚಿಕೆ ಆದರೂ ಗೆಲುವು ಹೋಗಲಿಲ್ಲ. ಮಧುಕರನಿಗೆ ಹೇಳಿ ಅವತ್ತೇ ಖಾನಾಪುರದ ಬಸ್ಸು ಹಿಡಿದ.

ದಾರಿಯುದ್ದಕ್ಕೂ ಅತ್ತೆಗೆ ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಜೋಡಿಸಿದ. ಹಂಚಿನ ಭಟ್ಟಿಗಳು ಕಂಡಾಗ ಕಿಟಕಿಯಿಂದ ಬಗ್ಗಿ ಹೊಗೆ ಯಾವ ಕಡೆ ಹೋಗುತ್ತಿದೆ ಎಂದು ನೋಡಿದ. ಹೊಗೆ ಊರಿನ ವಿರುದ್ಧ ದಿಕ್ಕಿಗೆ ಹೋಗುತ್ತಿತ್ತು. ಹೋಗಲಿ, ಯಾವುದೋ ಒಂದು ಕಾರಣ, ಗೆರೆಯಂತೂ ಸುಳ್ಳು ಹೇಳುವುದಿಲ್ಲ.

ಅವನು ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಬಾಗಿಲು ಅರ್ಧ ಮುಚ್ಚಿತ್ತು. ಒಳಗಿನಿಂದ ಲೋಬಾನದ ಧೂಪದ ವಾಸನೆ ಬರುತ್ತಿತ್ತು. ಕರೆಯಬೇಕೆಂದು ಬಾಯಿ ತೆರೆದವನು ಸತ್ಯವ್ವ ಯಾರೊಂದಿಗೋ ಮಾತಾಡುತ್ತಿರುವುದನ್ನು ಕೇಳಿ ನಿಂತ.

"ಬಂದಿಯಾ? ಬಾ, ಕುಂದರು. ಇವತ್ತು ಮಗಳಿಗೆ ತಲಿ ತೊಳದೀನಿ ನೋಡು. ಹೇನು ಎಲ್ಲಾ ಹೋಗ್ಯಾವ."

ಬಾಗಿಲ ಸಂದಿಯಲ್ಲಿ ಅವನಿಗೆ ಕಂಡದ್ದು ಇಷ್ಟು. ತೆಂಗಿನ ಚಿಪ್ಪಿನ ಕೆಂಡದ ಮೇಲೆ ಲೋಬಾನ ಹೊಗೆಯಾಡುತ್ತಿತ್ತು. ಅದರ ಮುಂದೆ ಅಜ್ಜಿಯ ಮಡಿಲಲ್ಲಿ ಮನಿಷಾ. ಇಬ್ಬರೂ ತಲೆ ಬಗ್ಗಿಸಿ ಅವಳ ಎದೆಯ ಮೇಲಿನ ಪಟ್ಟಿ ನೋಡುತ್ತಿದ್ದರು. ಚುಕ್ಕಿ ನೀಲಿಯಾಗಿತ್ತು, ಮಸಿ ಹನಿಸಿದ ಹಾಗೆ.

"ಅವ್ವಾ," ಎಂದಳು ಮನಿಷಾ ಚುಕ್ಕಿಗೆ. "ಸಾಲ್ಯಾಗ ಬಾಯೀರು ನಂಗ ಹಾಡು ಅಂದ್ರು. ನಾ ಹಾಡಿದ್ನಿ. ನಡುವ ದಮ್ಮು ಬಂತು, ಆದ್ರೂ ಹಾಡಿದ್ನಿ." ಹೇಳುತ್ತ ಹೇಳುತ್ತ ಕೆಮ್ಮಿದಳು.

"ನಿನ್ನ ಗಂಡ ಸೊರಗ್ಯಾನವ್ವ," ಎಂದಳು ಸತ್ಯವ್ವ ಅದೇ ಚುಕ್ಕಿಗೆ. "ಹೊಟ್ಟಿ ತುಂಬ ಉಣ್ಣಂಗಿಲ್ಲ ಕಾಣ್ತೈತಿ. ಅವನ ಕಡೆನೂ ಒಂದೀಟು ಹೋಗಿ ಬಾ."

ರಾಮಲಿಂಗ ಹೊರಗಿನ ಕಟ್ಟೆಯ ಮೇಲೆ ಕೂತುಬಿಟ್ಟ. ಕಿಸೆಯಲ್ಲಿ ಫೋನಿತ್ತು. ಫೋನಿನಲ್ಲಿ ದಿನಕ್ಕೊಂದರಂತೆ ಗುಡ್ಡಗಳಿದ್ದವು. ಒಂದೊಂದು ಗುಡ್ಡವೂ ಇವರಿಬ್ಬರೂ ತ್ರಿವೇಣಿಯೊಂದಿಗೆ ಕೂತು ಆಡಿದ ಮಾತು.

ಕಟ್ಟೆಯ ಸಪ್ಪಳಕ್ಕೆ ಸತ್ಯವ್ವ ಹೊರಗೆ ಬಂದಳು. ಅಳಿಯನನ್ನು ನೋಡಿ ಬೆಚ್ಚಲಿಲ್ಲ. ಯಾರೋ ಕಳಿಸಿ ಬಂದವನನ್ನು ನೋಡುವ ಹಾಗೆ ನೋಡಿದಳು. ಅವನು ಕೇಳುವ ಮೊದಲೇ ಬಾಜು ಕೂತು, ದನಿ ತಗ್ಗಿಸಿ, ತಾನೇ ಹೇಳಿದಳು.

"ಮೊದಲನೇ ದಿನ ಬಚ್ಚಲಕ ಹಸಿ ಕಟಗಿ ಉರಿ ಹಾಕಿದ್ನಿ, ಹುಡುಗಿ ಒಲಿ ಮುಂದನ ಕುಂತಿತ್ತು, ಚುಕ್ಕಿ ಒಂದೀಟು ನೀಲಿ ಆತು. ನೀ ಹೇಳಿದ್ದೆಲಾ, ಕೆಟ್ಟ ಗಾಳಿ ಅಂತ? ಅಂಜಿಕಿ ಬಂತು. ಓಡ್ಸೂಣು ಅಂತ ಸಂಜೀಕೆ ಲೋಬಾನ ಹಾಕಿದ್ನಿ. ಮತ್ತಷ್ಟು ನೀಲಿ ಆತು. ಕೆಟ್ಟದ್ದಾಗಿದ್ರ ಲೋಬಾನಕ್ಕ ಓಡಬೇಕಿಲ್ಲೇನು? ಓಡಲಿಲ್ಲ. ಬಾಜೂಕ ಬಂತು. ಲೋಬಾನಕ್ಕ ಅಂಜಲಾರದ್ದು, ಕೂಸಿನ ಎದಿ ಬಿಟ್ಟು ಹೋಗಲಾರದ್ದು, ಅದ್ಯಾವ ಗಾಳಿ ಇದ್ದೀತು ನೀನ ಹೇಳು."

ರಾಮಲಿಂಗ ಕಿಸೆಯ ಫೋನನ್ನು ಒತ್ತಿ ಹಿಡಿದ.

"ನಿನ್ನ ಗ್ವಾಡಿಗೂ ಹಚ್ಚಿಯಲಾ ಒಂದು. ಅದು ನೀಲಿ ಆಕ್ಕೈತೇನು?"

ಬಸ್ಸಿನಲ್ಲಿ ಅವನು ಜೋಡಿಸಿಕೊಂಡು ಬಂದ ಮಾತಿನ ಮೊದಲ ಸಾಲೇ ಇದರ ಉತ್ತರವಾಗಿತ್ತು. ಎದೆಯುಬ್ಬಿಸಿ ಹೇಳಬೇಕೆಂದಿದ್ದದ್ದು ಈಗ ಬಾಯಿಂದ ಸಣ್ಣಗೆ ಬಂತು. "ಇಲ್ಲತ್ತಿ. ಒಮ್ಮೀನೂ ಆಗಿಲ್ಲ."

"ಅಯ್ಯ ಯಪ್ಪಾ," ಎಂದು ಆಕೆ ಅವನ ಬೆನ್ನ ಮೇಲೆ ಕೈಯಿಟ್ಟಳು. "ಆಕಿ ನಿನ್ನ ಕಡೆ ಒಮ್ಮೀನೂ ಬಂದಿಲ್ಲಾ?"

ಒಳಗೆ ಮನಿಷಾ ಮತ್ತೆ ಕೆಮ್ಮಿದಳು. ಈ ಸಲ ಕೆಮ್ಮು ನಿಲ್ಲಲಿಲ್ಲ. ರಾಮಲಿಂಗ ಎದ್ದು ಹೋಗಿ ಗೋಡೆಯ ಮಾಡದಲ್ಲಿದ್ದ ಉಬ್ಬಸದ ಪಂಪು ತೆಗೆದು ಅವಳ ಬಾಯಿಗಿಟ್ಟು ಒತ್ತಿದ, ಎತ್ತಿಕೊಂಡು ಹೊರಗೆ ತಂದ. ಅವಳ ಪಕ್ಕೆಲುಬು ಅವನ ಅಂಗೈಯೊಳಗೆ ಏರಿ ಇಳಿಯುತ್ತಿತ್ತು. ಉಸಿರು ಹದಕ್ಕೆ ಬರುವ ತನಕ ಅವಳ ಬೆನ್ನು ತಿಕ್ಕುತ್ತ ನಿಂತ. ಹೊರಗಿನ ಹವಾಕ್ಕೆ ಚುಕ್ಕಿ ನಿಧಾನಕ್ಕೆ ತೆಳುವಾಗುತ್ತ ಬಂತು. ಮನಿಷಾ ಅದನ್ನು ಬೆರಳಿನಿಂದ ಒತ್ತಿ ಹಿಡಿದು, "ಹೊಂಟ್ಲು," ಎಂದಳು.

ಆಗ ಅವನು ಹೇಳಿದ. ಬೇರೆ ಏನು ಹೇಳಿದರೂ ನಾಳೆ ಸಂಜೆ ಮತ್ತೆ ಕೆಂಡ ಬೀಳುತ್ತದೆ ಎಂದು ಗೊತ್ತಿತ್ತು. "ಅದು ಹೊಗಿ, ಅತ್ತಿ. ಲೋಬಾನದ ಹೊಗಿ. ನಾ ಹವಾ ಅನ್ನಬೇಕಿತ್ತು, ಗಾಳಿ ಅಂದ್ನಿ. ತಪ್ಪು ನಂದು. ಹೊಗಿ ಹತ್ತಿದ್ರ ನೀಲಿ ಆಕ್ಕೈತಿ, ಅಷ್ಟ. ನಾನ ಪ್ರಿಂಟ್ ಮಾಡೀನಿ ಅದನ್ನ."

ಸತ್ಯವ್ವ ಎದ್ದು ಒಳಗೆ ಹೋಗಿ ಕೆಂಡದ ಮೇಲೆ ನೀರು ಸುರಿದಳು. ಆ ಚುಸ್ ಎಂಬ ಸದ್ದು ಕಟ್ಟೆಯ ತನಕ ಕೇಳಿಸಿತು. ಹೊರಗೆ ಬಂದಾಗ ಕೈಯಲ್ಲಿ ಮೊಮ್ಮಗಳ ಬಟ್ಟೆ ಇತ್ತು.

"ಕರಕೊಂಡು ಹೋಗು. ನಿನ್ನ ಮನಿ ಹವಾ ಕೆಟ್ಟೈತಿ ಅಂತ ನಾ ತಂದ್ನಿ. ತಂದು ನಾನ ಹುಡುಗಿ ಎದಿಯಾಗ ಹೊಗಿ ತುಂಬಿದ್ನಿ. ಇನ್ನ ಯಾವ ಬಾಯಿಲೆ ಬ್ಯಾಡ ಅನ್ನಲಿ?"

ಆ ಬಟ್ಟೆಗಾಗಿ ಕೈ ಚಾಚಿದರೆ ಸಾಕಾಗಿತ್ತು. ಬಾಗಿಲ ಬಾಜಿನ ಮೊಳೆ, ಅದರ ಎತ್ತರ, ಎಲ್ಲ ಕಣ್ಣ ಮುಂದೆ ಬಂತು. ಜೊತೆಗೇ ಬೇಡವೆಂದರೂ ಮೇಡಂ ಬೆರಳಿಟ್ಟು ತೋರಿಸಿದ್ದ ಆ ಇನ್ನೊಂದು ಗೆರೆಯೂ ಬಂತು. ಹಗಲೂ ರಾತ್ರಿ ನೆಲ ಮುಟ್ಟದೆ ತೇಲುವ ಅವನ ಮನೆಯ ಗೆರೆ. ಗುಡ್ಡ ತೆಗೆದುಹಾಕಿದರೆ ಖಾನಾಪುರದ್ದು ಅಂಗಳದಷ್ಟು ಸಪಾಟು. ಆ ಗುಡ್ಡವನ್ನು ಈಗಷ್ಟೇ ಅವನ ಮಾತೇ ತೆಗೆದುಹಾಕಿತ್ತು.

"ಇಟ್ಟ ಬಾ ಅದನ್ನ," ಎಂದ. ದನಿ ತನ್ನದಲ್ಲ ಎನ್ನಿಸಿತು. "ಲೋಬಾನ ಬಿಟ್ರ ನಿನ್ನ ಮನೀನ ಚಲೋ ಐತಿ. ನಮ್ಮಲ್ಲಿ ನೀಲಿ ಆಗೂದಿಲ್ಲ ಖರೇ, ಆದ್ರ ಧೂಳು ಬಿಡಂಗಿಲ್ಲ. ಇಲ್ಲೇ ಇರಲಿ. ನಾ ಮಗ್ಗ ಇಲ್ಲದ ಕಡೆ ಖೋಲಿ ಹುಡಕ್ತೀನಿ."

"ಜೂನಕ್ಕ?"

"ಸಿಕ್ಕಾಗ."

ಮನಿಷಾ ಅವನ ಹೆಗಲಿನಿಂದ ಇಳಿದಳು. ಅಜ್ಜಿಯ ಸೆರಗು ಹಿಡಿದು ನಿಂತು ಅವನನ್ನು ನೋಡಿದಳು. "ಅವ್ವ ಬರ್ತಿದ್ಲು. ನೀ ಬಂದಿ, ಹೋದ್ಲು," ಎಂದಳು. ಬಸ್ಸಿಗೆ ಹೊರಟಾಗ ಕೈ ಬೀಸಲಿಲ್ಲ.

ಅಲ್ಲಿಂದ ಮುಂದೆ ಮಗಳು ಫೋನು ಮಾಡಿದರೂ ಒಂದೇ ಮಾತು. "ಇವತ್ತೂ ನೀಲಿ ಆಗಿಲ್ಲ." ದೂರು ಹೇಳುವ ದನಿಯಲ್ಲಿ ಹೇಳಿ ಇಟ್ಟುಬಿಡುವಳು. ರಾತ್ರಿ ಕೆಮ್ಮು ಕಡಿಮೆಯಾಗಿದೆ, ಪಂಪು ಮಾಡದಿಂದ ಕೆಳಗಿಳಿದಿಲ್ಲ ಎಂದು ಸತ್ಯವ್ವ ಆಮೇಲೆ ತಾನೇ ಫೋನು ಮಾಡಿ ಹೇಳುವಳು. ಹೇಳುವಾಗ ಆಕೆಯ ದನಿಯಲ್ಲಿ ಸಂಜೆಯ ಹೊತ್ತು ಏನು ಮಾಡಬೇಕೆಂದು ತಿಳಿಯದವರ ಖಾಲಿತನ ಇರುತ್ತಿತ್ತು. ರಾಮಲಿಂಗ, "ಚಲೋ ಆತತ್ತಿ," ಎನ್ನುವನು. ಚಲೋ ಆಗಿತ್ತು ಕೂಡ. ಭಾನುವಾರ ಖೋಲಿ ಹುಡುಕುತ್ತ ಊರಾಚೆಯ ಸಾಂಬ್ರಾದ ತನಕ ಅಲೆದು ಬರುವನು. ಹೆಂಗಸರಿಲ್ಲದ ಮನೆ ಎಂದು ಕೇಳಿದ ಮೇಲೆ ಖೋಲಿಯವರು ನೋಡೋಣ ಎನ್ನುವರು.

ಒಂದು ಸಂಜೆ ಅವನು ರೊಟ್ಟಿ ತಟ್ಟಿ ಹಂಚಿಗೆ ಹಾಕಿ, ಕೆಳಗೆ ನೀರು ಬಂದ ಸದ್ದಿಗೆ ಕೊಡ ಹಿಡಿದು ಓಡಿದ. ಮೇಲೆ ಬರುವಷ್ಟರಲ್ಲಿ ಖೋಲಿಯೆಲ್ಲ ಹೊಗೆ. ಅಷ್ಟರಲ್ಲೇ ಫೋನು ಬಂತು.

"ಇವತ್ತೂ ನೀಲಿ ಆಗಿಲ್ಲ," ಎಂದಳು ಮನಿಷಾ. ಇಡಲಿಲ್ಲ. ಏನು ಅನ್ನಿಸಿತೋ, "ನಿಂದು?" ಎಂದು ಕೇಳಿದಳು.

ಅವನು ಕಣ್ಣುಜ್ಜಿಕೊಂಡು ಗೋಡೆ ನೋಡಿದ. "ನಂದು ಆಗೇತಿ."

"ಖರೇನ?"

ಹೌದು ಎಂದರೆ ಅವಳಿಗೆ ಎಷ್ಟು ಸಂತೋಷವಾಗುತ್ತಿತ್ತು ಎಂಬುದು ಅವನಿಗೆ ಗೊತ್ತಿತ್ತು. "ರೊಟ್ಟಿ ಹೊತ್ತಿ ಕರ್‍ರಗ ಆಗೇತಿ ಮಗಾ. ಹೊಗಿ."

ಆ ಕಡೆ ಕಿಸಕ್ಕನೆ ನಗು. ಎಷ್ಟೋ ದಿನದ ಮೇಲೆ ಬಂದ ನಗು. "ನಿಂಗ ರೊಟ್ಟೀನೂ ಬರಂಗಿಲ್ಲ! ಅವ್ವ ಇದ್ದಿದ್ರ ಬೈತಿದ್ಲು."

"ಭಾಳ ಬೈತಿದ್ಲು."

"ಖಿಡಕಿ ತಗಿ ಅಪ್ಪಾ. ಹೊಗಿ ಒಳಗ ಇಟಗೊಂಡು ಕುಂದರಬಾರದು, ಮೈಗೆ ಚಲೋ ಅಲ್ಲ." ಥೇಟ್ ಅಜ್ಜಿಯ ದನಿ.

ಅವನು ಕಿಟಕಿ ತೆರೆದ. ಮಗ್ಗದ ಸದ್ದು ಒಳಗೆ ನುಗ್ಗಿತು.

"ಅದು ಮಗ್ಗ ಅಲಾ? ನಂಗ ನೆನಪೈತಿ. ಅದನ್ನ ಕೇಳಕೋತ ಮಕ್ಕೋತಿದ್ದೆವು." ಅವಳು ಒಂದಿಷ್ಟು ಹೊತ್ತು ಸುಮ್ಮನೆ ಕೇಳಿದಳು. "ಚುಕ್ಕಿ ಹೋಗೂ ತನಕ ನಾ ಫೋನ್ ಇಡಂಗಿಲ್ಲ. ನೋಡಿ ಹೇಳು."

ರಾಮಲಿಂಗ ಗೋಡೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ. ಹೊಗೆ ಕಿಟಕಿಯಿಂದ ಹೊರಗೆ ಹರಿಯುತ್ತಿತ್ತು. ಚುಕ್ಕಿ ನೀಲಿಯಿಂದ ಬೂದಿಗೆ, ಬೂದಿಯಿಂದ ನೀರಿಗೆ ತಿರುಗಿ, ಕೊನೆಗೆ ಅವನೇ ಎಳೆದ ಬೆಳ್ಳಿಯ ಗೆರೆಗಳು ಮಾತ್ರ ಉಳಿದವು.

"ಹೋತೇನು?" ಎಂದಳು ಮನಿಷಾ.

"ಇನ್ನೂ ಇಲ್ಲ," ಎಂದ.